ಬಾವಿಯ ಆಳ ಮತ್ತು ಹಗ್ಗದ ಲೆಕ್ಕ

ವಿಜಯಪುರಕ್ಕೆ ಹೋದವರು ಗೋಲ್ ಗುಂಬಝ್ ನೋಡದೆ ಮರಳುವುದಿಲ್ಲ. 1656ರಲ್ಲಿ ಪೂರ್ಣಗೊಂಡ ಈ ಕಟ್ಟಡ ಮುಹಮ್ಮದ್ ಆದಿಲ್ ಶಾಹ್‌ರ ಸಮಾಧಿ. ಗುಮ್ಮಟದೊಳಗಿನ ಸುತ್ತು ಮೊಗಸಾಲೆಯಲ್ಲಿ ಮೆಲ್ಲನೆ ಆಡಿದ ಮಾತು ಸುಮಾರು 38 ಮೀಟರ್ ದೂರದ ಎದುರು ಬದಿಗೂ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳಿ ಬರುತ್ತದೆ. ಶಬ್ದಕ್ಕೂ ದಾರಿ ಸವೆಸಲು ಸಮಯ ಬೇಕೆಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಅದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ.

ಈ ಪಾಠದ ಮುಂದಿನ ಭಾಗ ನಮಗೆ ಸಿಕ್ಕಿದ್ದು ನಗರದ ಹೊರಗಿನ ಒಂದು ಹಳ್ಳಿಯ ಬಾವಿಯ ಬಳಿ. "ಆಳ ಎಷ್ಟಿದೆ?" ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕಲ್ಲು ಎತ್ತಿಕೊಂಡಳು. ನೀರು ಸೇದುತ್ತಿದ್ದ ವೃದ್ಧೆ ತಡೆದರು. "ಕಲ್ಲು ಒಗಿಬ್ಯಾಡವಾ, ಕುಡಿಯೋ ನೀರು" ಎಂದು, ತಮ್ಮ ಕೊಡದಿಂದಲೇ ಒಂದು ಚೊಂಬು ನೀರನ್ನು ಒಳಗೆ ಸುರಿದರು. ಸದ್ದು ಕೇಳಲು ಸುಮಾರು ಎರಡು ಸೆಕೆಂಡು ಹಿಡಿಯಿತು.

ಲೆಕ್ಕ ಸುಲಭ. ಸೆಕೆಂಡನ್ನು ಸೆಕೆಂಡಿನಿಂದಲೇ ಗುಣಿಸಿ, ಬಂದುದನ್ನು 16ರಿಂದ ಗುಣಿಸಿದರೆ ಆಳ ಅಡಿಗಳಲ್ಲಿ ಸಿಗುತ್ತದೆ. ಒಂದು ಸೆಕೆಂಡಿಗೆ 16 ಅಡಿ, ಎರಡಕ್ಕೆ 64, ಮೂರಕ್ಕೆ 144. ಸದ್ದು ಮೇಲೆ ಬರುವ ಹೊತ್ತನ್ನು ಕಳೆದರೆ 64 ಅಡಿ ಸುಮಾರು 61 ಆಗುತ್ತದೆ, ಅಷ್ಟೇ. ಆದರೆ ಎಣಿಕೆಯಲ್ಲಿ ಅರ್ಧ ಸೆಕೆಂಡು ತಪ್ಪಿದರೆ ಅದೇ ಬಾವಿ 36 ಅಡಿಯೂ ಆದೀತು, 100 ಅಡಿಯೂ ಆದೀತು! ಇನ್ನೊಂದು ಮಾತು, ಈ ಲೆಕ್ಕ ನೀರಿನ ಮಟ್ಟದವರೆಗೆ ಮಾತ್ರ. ಅದರ ಕೆಳಗೆ ಎಷ್ಟು ನೀರಿದೆಯೆಂದು ಸದ್ದು ಹೇಳದು.

ಆ ತಾಯಿಗೆ ಈ ಲೆಕ್ಕ ಬೇಕಿರಲಿಲ್ಲ. ಅವರ ಹಗ್ಗಕ್ಕೆ ಎರಡು ಕಡೆ ಬಟ್ಟೆಯ ಚಿಂದಿ ಕಟ್ಟಿತ್ತು. "ಮಳಿಗಾಲಕ್ಕ ಎಂಟು ಮಾರು, ಈಗ ಬ್ಯಾಸಿಗ್ಯಾಗ ಹತ್ತರ ಮ್ಯಾಲ" ಎಂದರು. ಮಾರು ಎಂದರೆ ಚಾಚಿದ ಎರಡು ಕೈಗಳ ಅಳತೆ, ಸುಮಾರು ಆರು ಅಡಿ. ನಮ್ಮ ಗಡಿಯಾರದ ಉತ್ತರವೂ ಅವರ ಹಗ್ಗದ ಉತ್ತರವೂ ಒಂದೇ ಆಗಿತ್ತು.

ವ್ಯತ್ಯಾಸವಿದ್ದುದು ಇಷ್ಟೇ: ನಮಗೆ ಅದು ಅಂಕಿ, ಅವರಿಗೆ ತೋಳಿನ ನೋವು. 60 ಅಡಿ ಆಳದಿಂದ ಹತ್ತು ಕೊಡ ಸೇದುವವರು 600 ಅಡಿ ಹಗ್ಗ ಎಳೆದಿರುತ್ತಾರೆ. ಸುಮಾರು 51 ಮೀಟರ್ ಎತ್ತರದ ಗೋಲ್ ಗುಂಬಝ್‌ನ ಮೂರು ಪಟ್ಟಿಗೂ ಅದು ಹೆಚ್ಚು. ನೀರು ಒಂದು ಮಾರು ಕೆಳಗಿಳಿದರೆ ಆ ದುಡಿಮೆಗೆ ಮತ್ತೆ 60 ಅಡಿ ಸೇರುತ್ತದೆ.

ಸೋದರಿಯರೇ, ಗುಮ್ಮಟದ ಪ್ರತಿಧ್ವನಿ ಕೇಳಲು ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಜೊತೆಗೆ ಒಂದು ಬಾವಿಯ ಬಳಿಯೂ ನಿಲ್ಲಿಸಿ, ಹಗ್ಗವನ್ನು ಅವರ ಕೈಗೇ ಕೊಡಿ. ಒಂದು ಕೊಡ ಸೇದಿದ ಮಗು ನಲ್ಲಿಯನ್ನು ತೆರೆದಿಟ್ಟು ಹೋಗುವ ಮುನ್ನ ಎರಡು ಬಾರಿ ಯೋಚಿಸೀತು.