ಮೂರು ಮೂಲೆಯ ಎಂಜಿನ್ನಿನ ಊರು

ಹಿರೋಷಿಮಾ ಎಂದೊಡನೆ ಕಣ್ಣಿಗೆ ಕಟ್ಟುವುದು ಆ ಗುಮ್ಮಟದ ಅಸ್ಥಿಪಂಜರ, 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ನಿಂತುಹೋದ ಕೈಗಡಿಯಾರ. ಅವನ್ನು ನೋಡದೆ ಆ ಊರಿನಿಂದ ಮರಳಬಾರದು. ಆದರೆ ಶಾಂತಿ ಉದ್ಯಾನದಲ್ಲಿ ಒಂದು ದಿನ ಕಳೆದು ಮನಸ್ಸು ಭಾರವಾದವರು ಮರುದಿನ ಹಿರೋಷಿಮಾ ನಿಲ್ದಾಣದಿಂದ ಪೂರ್ವಕ್ಕೆ ಹೋಗುವ ಸಾನ್ಯೋ ಮಾರ್ಗದ ಲೋಕಲ್ ರೈಲು ಹತ್ತಿ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಇನ್ನೊಂದು ಹಿರೋಷಿಮಾ ಸಿಗುತ್ತದೆ. ನಿಲ್ದಾಣದ ಹೆಸರು ಮುಕೈನಾಡ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮಜ್ದಾ ಕಾರು ಕಂಪನಿಯ ಮುಖ್ಯ ಕಚೇರಿ. ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿದ ಸ್ವರಾಜ್ ಮಜ್ದಾ ಲಾರಿ, ಮಿನಿ ಬಸ್ಸುಗಳ ಹೆಸರಿನ ಎರಡನೆಯ ಅರ್ಧ ಬಂದದ್ದು ಇಲ್ಲಿಂದಲೇ.

ಈ ಜಾಗದ ಹೆಸರು ಫುಚು. ಸುತ್ತ ನಾಲ್ಕೂ ಕಡೆ ಹಿರೋಷಿಮಾ ನಗರ, ನಡುವೆ ತನ್ನದೇ ಆಡಳಿತವಿರುವ ಪುಟ್ಟ ಪಟ್ಟಣ. ಕಡಲಿಗೆ ಅಂಟಿಕೊಂಡು ಕಾರ್ಖಾನೆ ಸುಮಾರು 7 ಕಿ.ಮೀ. ಉದ್ದಕ್ಕೆ ಚಾಚಿದೆ. ಮುಂಚಿತವಾಗಿ ಹೆಸರು ಬರೆಸಿದವರನ್ನು ಕಂಪನಿಯ ಬಸ್ಸೇ ಕಾರ್ಖಾನೆಯ ಒಳಗಿನ ರಸ್ತೆಯಲ್ಲಿ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತದೆ. 1920ರಲ್ಲಿ ಇದು ಬಿರಡೆ ಮಾಡುವ ತೊಗಟೆಯ ಸಾಮಾನು ತಯಾರಿಸುವ ಕಂಪನಿಯಾಗಿತ್ತು. 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ಮಾಡತೊಡಗಿತು. ಸೋರದಂತೆ ಮುಚ್ಚುವ ಬಿರಡೆಯಿಂದ ಶುರುವಾದ ಕಂಪನಿಯ ಹಣೆಬರಹದಲ್ಲಿ ಮುಂದೆಯೂ ಸೋರಿಕೆಯ ಚಿಂತೆಯೇ ಬರೆದಿತ್ತು ಎಂಬುದು ಸ್ವಲ್ಪ ತಮಾಷೆಯ ಸಂಗತಿ.

ಬಾಂಬು ಬಿದ್ದ ಸ್ಥಳದಿಂದ ಕಾರ್ಖಾನೆಗೆ ಸುಮಾರು 5 ಕಿ.ಮೀ. ನಡುವೆ ಹಿಜಿಯಾಮಾ ಎಂಬ ಗುಡ್ಡ, ಎತ್ತರ ಕೇವಲ 70 ಮೀಟರ್. ದೂರವೂ ಆ ಗುಡ್ಡವೂ ಸೇರಿ ಕಟ್ಟಡಗಳನ್ನು ಉಳಿಸಿದವು. ನಗರದ ನಡುವೆ ಕೆಲಸದಲ್ಲಿದ್ದ ನೌಕರರು ಮಾತ್ರ ಉಳಿಯಲಿಲ್ಲ. ಜಿಲ್ಲೆಯ ಸರ್ಕಾರಿ ಕಚೇರಿ ಬೂದಿಯಾಗಿದ್ದರಿಂದ ಅದೇ ಆಗಸ್ಟ್‌ನಲ್ಲಿ ಆಡಳಿತವೆಲ್ಲ ಈ ಕಾರ್ಖಾನೆಗೆ ಬಂದು ಕುಳಿತು, 1946ರವರೆಗೂ ಇಲ್ಲೇ ನಡೆಯಿತು. ರೇಡಿಯೋ ಪ್ರಸಾರವೂ ಇಲ್ಲಿಂದಲೇ ಆಯಿತು. 1945ರ ಡಿಸೆಂಬರ್‌ನಲ್ಲಿ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬಂದವು. ಊರು ಕಟ್ಟಲು ಇಟ್ಟಿಗೆ, ಮರ, ಅಕ್ಕಿ ಸಾಗಬೇಕಲ್ಲ!

ಸಂಗ್ರಹಾಲಯದಲ್ಲಿ ಅಂಥ ಗಾಡಿಯಿದೆ. ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ತಗ್ಗಾದ, ಉದ್ದ ಮೂತಿಯ ಬಿಳಿ ಕಾರಿನ ಮುಂದೆ. ಅದು 1967ರ ಮೇ ತಿಂಗಳಲ್ಲಿ ಮಾರಾಟಕ್ಕೆ ಬಂದ ಕಾಸ್ಮೋ ಸ್ಪೋರ್ಟ್. ಅದರ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ.

ಶಾಲೆಯಲ್ಲಿ ಕಲಿಯುವ ಎಂಜಿನ್ನಿನಲ್ಲಿ ಪಿಸ್ಟನ್ ಸಿಲಿಂಡರಿನೊಳಗೆ ಮೇಲೆ ಕೆಳಗೆ ಹಾರುತ್ತದೆ, ಆ ಹಾರಾಟವನ್ನು ಕ್ರ್ಯಾಂಕ್ ತಿರುಗಾಟವಾಗಿ ಮಾರ್ಪಡಿಸುತ್ತದೆ. ನೇರವಾಗಿ ತಿರುಗುವುದನ್ನೇ ಮಾಡಬಾರದೇಕೆ? ರೋಟರಿ ಎಂಜಿನ್ನಿನಲ್ಲಿ ನಡು ಒತ್ತಿದ ಮೊಟ್ಟೆಯಾಕಾರದ ಕೋಣೆಯೊಳಗೆ ಉಬ್ಬಿದ ಭುಜಗಳ ತ್ರಿಕೋನವೊಂದು ಸುತ್ತುತ್ತದೆ. ತ್ರಿಕೋನದ ಮೂರು ಮಗ್ಗುಲಲ್ಲಿ ಮೂರು ಕೋಣೆ. ಸುತ್ತುತ್ತಿದ್ದಂತೆ ಒಂದೊಂದು ಕೋಣೆಯೂ ಹಿಗ್ಗಿ ಗಾಳಿ–ಪೆಟ್ರೋಲ್ ಹೀರಿ, ಕುಗ್ಗಿ ಒತ್ತಿ, ಉರಿದು, ಹೊಗೆ ಉಗುಳುತ್ತದೆ. ಬಿಡಿಭಾಗ ಕಡಿಮೆ, ನಡುಕ ಕಡಿಮೆ, ತೂಕ ಕಡಿಮೆ. ಸ್ಪೋರ್ಟ್ಸ್ ಕಾರಿಗೆ ಇನ್ನೇನು ಬೇಕು?

ಬೇಕಾದದ್ದು ಒಂದಿದೆ. ತ್ರಿಕೋನದ ಮೂರು ಮೂಲೆಗಳೂ ಕೋಣೆಯ ಗೋಡೆಗೆ ಸದಾ ಒತ್ತಿಕೊಂಡೇ ಜಾರಬೇಕು. ಇಲ್ಲದಿದ್ದರೆ ಒಂದು ಕೋಣೆಯ ಒತ್ತಡ ಪಕ್ಕದ ಕೋಣೆಗೆ ಸೋರುತ್ತದೆ. ಗ್ಯಾಸ್ಕೆಟ್ ಸವೆದ ಕುಕ್ಕರ್ ಎಷ್ಟು ಹೊತ್ತು ಒಲೆಯ ಮೇಲಿದ್ದರೂ ಸೀಟಿ ಹೊಡೆಯುವುದಿಲ್ಲ, ಇದೂ ಹಾಗೆಯೇ. ಆದ್ದರಿಂದ ಮೂಲೆಗೊಂದು ತೆಳ್ಳನೆಯ ಪಟ್ಟಿ, ಅದರ ಬೆನ್ನಿಗೆ ಸ್ಪ್ರಿಂಗು. ತುದಿಯ ಸೀಲು ಎಂದರೆ ಇದು. ನಿಮಿಷಕ್ಕೆ ಸಾವಿರಾರು ಸುತ್ತು, ಬೆಂಕಿ, ಹೊಗೆ, ಎಲ್ಲದರ ನಡುವೆ ಈ ಚೂರು ಸವೆಯದೆ, ಸವೆಸದೆ ಬಾಳಬೇಕು.

ಈ ಎಂಜಿನ್ ಹುಟ್ಟಿದ್ದು ಹಿರೋಷಿಮಾದಲ್ಲಲ್ಲ, ಜರ್ಮನಿಯ ನೆಕರ್ ನದಿಗೆ ಸುಲ್ಮ್ ಎಂಬ ಹೊಳೆ ಸೇರುವಲ್ಲಿರುವ ನೆಕರ್ಸುಲ್ಮ್ ಪಟ್ಟಣದಲ್ಲಿ. ಕಲ್ಪನೆ ಫೆಲಿಕ್ಸ್ ವಾಂಕೆಲ್ ಅವರದು. ಎಂಜಿನಿಯರಿಂಗ್ ಪದವಿ ಇರಲಿಲ್ಲ, ಕಾರು ಓಡಿಸುವ ಲೈಸೆನ್ಸೂ ಇರಲಿಲ್ಲ. ಅಲ್ಲಿನ ಎನ್‌ಎಸ್‌ಯು ಕಂಪನಿ ಬೈಸಿಕಲ್ಲು, ಮೋಟಾರ್ ಸೈಕಲ್ಲಿಗೆ ಹೆಸರಾಗಿತ್ತು. ಅದರ ಕಾರ್ಖಾನೆಯಲ್ಲಿ 1957ರ ಫೆಬ್ರವರಿಯಲ್ಲಿ ಮೊದಲ ಎಂಜಿನ್ ತಿರುಗಿತು. 1964ರಲ್ಲಿ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಸ್ಪೈಡರ್, 1967ರಲ್ಲಿ ದೊಡ್ಡ ಕಾರು ಆರ್‌ಓ 80 ಮಾರುಕಟ್ಟೆಗೆ ಬಂದವು. ಎರಡನೆಯದಕ್ಕೆ ಯೂರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯೂ ಬಂತು.

ಪ್ರಶಸ್ತಿಯ ಹಿಂದೆಯೇ ಕಾರುಗಳೂ ವಾಪಸು ಬರತೊಡಗಿದವು. ಸೀಲುಗಳು ಸವೆದು ಎಂಜಿನ್ ಬಲ ಕಳೆದುಕೊಳ್ಳುತ್ತಿತ್ತು. ಊರೂರಿನ ಗ್ಯಾರೇಜಿನವರಿಗೆ ಈ ಯಂತ್ರದ ಪರಿಚಯವಿರಲಿಲ್ಲ. ಅನುಮಾನ ಬಂದರೆ ಪೂರ್ತಿ ಎಂಜಿನ್ ಇಳಿಸಿ ಹೊಸದನ್ನು ಕೂರಿಸುವುದೇ ಅವರಿಗೆ ಸುಲಭ. ಕಂಪನಿಯಾದರೂ ಕೈ ಹಿಂದೆ ತೆಗೆಯಲಿಲ್ಲ. ವಾರಂಟಿ ಎಂದು ಬರೆದುಕೊಟ್ಟಾಗಿದೆ, ಕೇಳಿದವರಿಗೆ ಎಂಜಿನ್ ಕೊಟ್ಟಿತು. ರಸ್ತೆಯಲ್ಲಿ ಎದುರಾದ ಆರ್‌ಓ 80 ಮಾಲೀಕರು ಕೈ ಬೀಸುವ ಬದಲು ಬೆರಳೆತ್ತಿ, ತಮ್ಮದು ಎಷ್ಟನೆಯ ಎಂಜಿನ್ ಎಂದು ತೋರಿಸುತ್ತಿದ್ದರೆಂಬುದು ಜರ್ಮನಿಯಲ್ಲಿ ಇಂದಿಗೂ ಹೇಳುವ ಕತೆ. ನಗು ಬರುತ್ತದೆ, ಆದರೆ ಒಂದೊಂದು ಬೆರಳೂ ಕಂಪನಿಯ ಖಜಾನೆಗೆ ಹಾಕಿದ ಕನ್ನ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ಗುಂಪಿನ ಪಾಲಾಗಿ ಆಟೋ ಯೂನಿಯನ್ ಜೊತೆ ವಿಲೀನವಾಯಿತು. ಮುಂದೆ ಸೀಲು ಸುಧಾರಿಸಿತು, ಹೋದ ಹೆಸರು ಮರಳಲಿಲ್ಲ. 1977ರಲ್ಲಿ ಆರ್‌ಓ 80 ನಿಂತೇಹೋಯಿತು. ಇಂದು ನೆಕರ್ಸುಲ್ಮ್‌ನಲ್ಲಿರುವುದು ಆಡಿ ಕಾರ್ಖಾನೆ. ಹಳೆಯ ಕೋಟೆಮನೆಯೊಂದರಲ್ಲಿ ಎನ್‌ಎಸ್‌ಯು ವಾಹನಗಳ ಸಂಗ್ರಹಾಲಯವಿದೆ. ಮಾತಿಗೆ ತಪ್ಪದೆ ಮುಳುಗಿದ ಕಂಪನಿ ಎಂಬ ಗೌರವವನ್ನಾದರೂ ಅದಕ್ಕೆ ಸಲ್ಲಿಸಬೇಕು.

ಅದೇ ಎಂಜಿನ್ನಿನ ಹಕ್ಕನ್ನು ಹಿರೋಷಿಮಾದವರು 1961ರಲ್ಲಿ ಪಡೆದಿದ್ದರು. ಸಣ್ಣ ಕಾರು ಕಂಪನಿಗಳನ್ನೆಲ್ಲ ದೊಡ್ಡವುಗಳಲ್ಲಿ ಸೇರಿಸುವ ಯೋಚನೆ ಆಗ ಜಪಾನ್ ಸರ್ಕಾರದ್ದು. ಯಾರಲ್ಲೂ ಇಲ್ಲದ್ದು ನಮ್ಮಲ್ಲಿದ್ದರೆ ಉಳಿದೇವು ಎಂಬುದು ಇವರ ಲೆಕ್ಕ. ಆದರೆ ಜರ್ಮನಿಯಿಂದ ಬಂದ ಮಾದರಿಯನ್ನು ಓಡಿಸಿ ಬಿಚ್ಚಿ ನೋಡಿದರೆ ಕೋಣೆಯ ಗೋಡೆಯ ಮೇಲೆಲ್ಲ ಗೀರು. ಸಾಲು ಸಾಲಾಗಿ, ಯಾರೋ ಉಗುರಿನಿಂದ ಪರಚಿದಂತೆ. ದೆವ್ವದ ಉಗುರು ಎಂದು ಎಂಜಿನಿಯರುಗಳು ಅದಕ್ಕೆ ಹೆಸರಿಟ್ಟರು.

ಈ ದೆವ್ವ ನಮ್ಮ ತರಗತಿಗಳಲ್ಲೂ ಇದೆ. ಕರಿಹಲಗೆಯ ಮೇಲೆ ಉದ್ದನೆಯ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದು ನೋಡಿ. ಕಿರ್ರೆಂದು ಕಿವಿ ಮುಚ್ಚುವಂಥ ಸದ್ದು, ಗೆರೆಯ ಬದಲು ಒತ್ತೊತ್ತಾಗಿ ಚುಕ್ಕೆಗಳು. ಸುಣ್ಣದ ತುದಿ ಹಲಗೆಗೆ ಕಚ್ಚಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಅದೇ ಕಡ್ಡಿಯನ್ನು ಅರ್ಧಕ್ಕೆ ಮುರಿದು ಬರೆದರೆ ಕಿರುಚಾಟ ಸಾಮಾನ್ಯವಾಗಿ ನಿಲ್ಲುತ್ತದೆ, ಏಕೆಂದರೆ ಕಡ್ಡಿಯ ಸಹಜ ಕಂಪನದ ವೇಗವೇ ಬದಲಾಗಿರುತ್ತದೆ. ಹಿರೋಷಿಮಾದಲ್ಲಿ ಕಂಡುಹಿಡಿದದ್ದು ಹೆಚ್ಚುಕಡಿಮೆ ಇದನ್ನೇ.

1963ರಲ್ಲಿ ಕೆನಿಚಿ ಯಾಮಾಮೊಟೊ ಅವರ ಕೈಕೆಳಗೆ 47 ಎಂಜಿನಿಯರುಗಳ ವಿಭಾಗವೊಂದು ಶುರುವಾಯಿತು. ಸತ್ತ ಒಡೆಯನಿಗಾಗಿ ಸೇಡು ತೀರಿಸಿಕೊಂಡ 47 ಸಮುರಾಯಿಗಳ ಕತೆ ಜಪಾನಿನ ಮಕ್ಕಳಿಗೂ ಬಾಯಿಪಾಠ. ಆ ಸಂಖ್ಯೆಯೇ ಇವರಿಗೆ ಬಿರುದಾಯಿತು. ಸೀಲಿನ ತುದಿಯ ಬಳಿ ಅಡ್ಡಡ್ಡ ತೂತು ಕೊರೆದು ಕಂಪನ ಬದಲಿಸಿದಾಗ ಗೀರು ನಿಂತಿತು. ಕೊನೆಗೆ ಇಂಗಾಲಕ್ಕೆ ಅಲ್ಯೂಮಿನಿಯಂ ಕುಡಿಸಿದ ಸೀಲು ತಯಾರಾಯಿತು. ಅದಕ್ಕೂ ಮಿಗಿಲಾದದ್ದು ಆಮೇಲಿನ ತಾಳ್ಮೆ. ಪ್ರಯೋಗದ ಕಾರುಗಳನ್ನು ಜಪಾನಿನ ವಿತರಕರಿಗೆ ಕೊಟ್ಟು ಓಡಿಸಿದರು. ಅವರ ದೂರು ಕೇಳಿ ತಿದ್ದಿದರು. ಮಾರಿದ್ದು ಅನಂತರವೇ. ಗಿರಾಕಿಯ ಖರ್ಚಿನಲ್ಲಿ ಪರೀಕ್ಷೆ ನಡೆಸುವುದಕ್ಕೂ ತನ್ನ ಖರ್ಚಿನಲ್ಲಿ ನಡೆಸುವುದಕ್ಕೂ ಇರುವ ವ್ಯತ್ಯಾಸವನ್ನು ನೆಕರ್ಸುಲ್ಮ್ ಮತ್ತು ಹಿರೋಷಿಮಾ ಅಕ್ಕಪಕ್ಕ ನಿಂತು ತೋರಿಸುತ್ತವೆ. 1968ರಲ್ಲಿ ಜರ್ಮನಿಯದೇ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಓಟದಲ್ಲಿ ಕಾಸ್ಮೋ ನಾಲ್ಕನೆಯದಾಗಿ ಬಂತು. 1991ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ರೋಟರಿಯ 787ಬಿ ಗೆದ್ದಿತು. ಕಿತ್ತಳೆ–ಹಸಿರು ಬಣ್ಣದ ಆ ಕಾರೂ ಸಂಗ್ರಹಾಲಯದ ಹೆಮ್ಮೆ.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 2003ರಲ್ಲಿ ಆರ್‌ಎಕ್ಸ್–8 ಬಂತು. ನಾಲ್ಕು ಬಾಗಿಲು, ನಾಲ್ಕು ಸೀಟು, 1.3 ಲೀಟರಿನ ಎಂಜಿನ್, ಜಪಾನಿನಲ್ಲಿ 250 ಅಶ್ವಶಕ್ತಿಯವರೆಗೆ. ಆ ವರ್ಷದ ಅಂತರರಾಷ್ಟ್ರೀಯ ಶ್ರೇಷ್ಠ ಎಂಜಿನ್ ಪ್ರಶಸ್ತಿ ಇದಕ್ಕೇ. ಮನೆಮಂದಿಯೂ ಕೂರಬಹುದಾದ ಸ್ಪೋರ್ಟ್ಸ್ ಕಾರು ಎಂದು ಅಮೆರಿಕದಲ್ಲಿ ಬಹಳ ಜನ ಕೊಂಡರು. ಕೆಲವು ವರ್ಷದಲ್ಲಿ ಹಳೆಯ ದೂರು ಮತ್ತೆ ಕೇಳಿಸಿತು.

ಲಕ್ಷಣ ವಿಚಿತ್ರ. ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ಹತ್ತುತ್ತದೆ. ಓಡಿ ಬಿಸಿಯಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಬರೀ ಗುರ್ ಗುರ್. ಬಿಸಿಗೆ ಎಣ್ಣೆ ತೆಳುವಾಗಿ, ಸವೆದ ಸೀಲುಗಳ ಸೋರಿಕೆ ಬಯಲಾಗುವುದು ಆಗಲೇ. ಇನ್ನೊಂದು ಪೇಚು: ತೊಳೆಯಲೆಂದು ಗ್ಯಾರೇಜಿನಿಂದ ಹೊರತೆಗೆದು ತಕ್ಷಣ ಆರಿಸಿದರೆ ಪೆಟ್ರೋಲ್ ಒಳಗೇ ನಿಂತು ಪ್ಲಗ್ಗು ತೊಯ್ದು ಕಾರು ಮುಷ್ಕರ ಹೂಡುತ್ತಿತ್ತು. ಅದು ಎಂಜಿನ್ ಕೆಟ್ಟದ್ದಲ್ಲ, ಆದರೆ ಮಾಲೀಕರ ಎದೆ ಒಡೆಯಲು ಅಷ್ಟೇ ಸಾಕು.

ಹಾಗಾದರೆ ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಲ್ಲಿ ಜಗಳ ಬೇಕಿಲ್ಲ, ಅಳತೆ ಇದೆ. ಎಂಜಿನ್ ಬಿಸಿಯಿರುವಾಗಲೇ ಪ್ಲಗ್ಗಿನ ತೂತಿಗೆ ರೋಟರಿಗೆಂದೇ ಮಾಡಿದ ಮಾಪಕ ಜೋಡಿಸುತ್ತಾರೆ. ಎರಡು ತ್ರಿಕೋನ, ಒಂದೊಂದಕ್ಕೆ ಮೂರು ಮಗ್ಗುಲು, ಒಟ್ಟು ಆರು ಅಂಕಿ. ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 6.9 ಕಿಲೋಗ್ರಾಂಗಿಂತ ಕೆಳಗಿಳಿದರೆ ಸೀಲಿನ ಆಯುಸ್ಸು ಮುಗಿದಿದೆ ಎಂದರ್ಥ. ಮಾಮೂಲಿ ಗ್ಯಾರೇಜಿನ ಮಾಪಕ ಮೂರು ಮಗ್ಗುಲಿನಲ್ಲಿ ಹೆಚ್ಚಿನ ಅಂಕಿಯನ್ನಷ್ಟೇ ತೋರಿಸುತ್ತದೆ. ಸೋಲುತ್ತಿರುವ ಮಗ್ಗುಲು ಅದರ ಹಿಂದೆ ಅಡಗಿಬಿಡುತ್ತದೆ, ತರಗತಿಯ ಸರಾಸರಿ ಅಂಕದ ಹಿಂದೆ ಹಿಂದಿನ ಬೆಂಚು ಅಡಗುವಂತೆ. ಬ್ಯಾಟರಿ, ಸ್ಟಾರ್ಟರ್ ಸೋತಿದ್ದರೂ ಅಂಕಿ ತಪ್ಪುತ್ತದೆ. ತಿಳಿದ ಮಾಲೀಕರು ಆರು ಅಂಕಿಗಳನ್ನೂ ಸುತ್ತಿನ ಲೆಕ್ಕವನ್ನೂ ಬರಹದಲ್ಲೇ ಕೇಳಿ ಪಡೆಯುತ್ತಿದ್ದರು.

ಅವರು ಕೂಡಿಟ್ಟ ಇನ್ನೊಂದು ಕಾಗದ ಎಣ್ಣೆಯ ರಸೀದಿ. ಈ ಎಂಜಿನ್ ಸೀಲುಗಳಿಗೆ ಜಾರಿಕೆ ಕೊಡಲು ಎಣ್ಣೆಯನ್ನು ಬೇಕೆಂದೇ ಒಳಕ್ಕೆ ಚಿಮ್ಮಿಸಿ ಸುಡುತ್ತದೆ. ಮಟ್ಟ ಇಳಿಯುವುದು ಇದರ ಸ್ವಭಾವ. ಪಿಸ್ಟನ್ ಕಾರಿನ ಅಭ್ಯಾಸದವರು ಕಡ್ಡಿ ಎತ್ತಿ ನೋಡದೆ ತಿಂಗಳುಗಟ್ಟಲೆ ಓಡಿಸಿದರೆ ಎಂಜಿನ್ ಒಣಗುತ್ತದೆ. ಆಗ ಆರೈಕೆ ತಪ್ಪಿದ್ದು ಯಾರೆಂಬ ಪ್ರಶ್ನೆ ಏಳುತ್ತದೆ, ಉತ್ತರ ರಸೀದಿಯಲ್ಲಿರುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿದ್ದಕ್ಕೇ ವಾರಂಟಿ ಹೋಯಿತು ಎನ್ನುವಂತಿಲ್ಲವೆಂಬುದು ಅಮೆರಿಕದ 1975ರ ಕಾನೂನು. ಆದರೆ ಹಾಕಿಸಿದ್ದೇವೆ ಎಂಬುದಕ್ಕೆ ಕಾಗದ ಬೇಡವೇ?

2008ರಲ್ಲಿ ಕಂಪನಿ ಅಮೆರಿಕದ 2004ರಿಂದ 2008ರ ಮಾದರಿಗಳ ಎಂಜಿನ್ ಒಳಭಾಗದ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ, ಅಂದರೆ ಸುಮಾರು 1,60,000 ಕಿ.ಮೀ.ಗೆ ವಿಸ್ತರಿಸಿತು. ಮಾರಿಹೋದ ಕಾರಿಗೆ ಹಿಂದಿನಿಂದ ಮಾತು ಬೆಳೆಸುವುದು ವ್ಯಾಪಾರದಲ್ಲಿ ಸಣ್ಣ ಸಂಗತಿಯಲ್ಲ. ಅಳತೆಯಲ್ಲಿ ಸೋತ ಎಂಜಿನ್‌ಗಳು ಇಳಿದು ಬೇರೆಯವು ಕೂತವು. 2009ರ ಮಾದರಿಯಲ್ಲಿ ಪ್ರತಿ ತ್ರಿಕೋನಕ್ಕೂ ಎಣ್ಣೆ ಚಿಮ್ಮಿಸುವ ಮೂರನೆಯ ಮೂತಿ ಬಂತು. ಎರಡು ಸಾಲದಾಗಿತ್ತು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಂತ್ರ ಹೇಳಲಾರದು. ಅವಧಿ ಮುಗಿದ ಮೇಲೆ ಎಂಜಿನ್ ಸೋತವರಿಗೆ ಮಾತ್ರ ಯಾವ ಪತ್ರವೂ ನೆರವಾಗಲಿಲ್ಲ. ಕಾರಿನ ಬೆಲೆಯ ದೊಡ್ಡ ಪಾಲನ್ನು ಎಂಜಿನ್ನಿಗೇ ಸುರಿಯಬೇಕಾಯಿತು.

2012ರ ಜೂನ್‌ನಲ್ಲಿ ಆರ್‌ಎಕ್ಸ್–8 ನಿಂತಿತು. ಹೊಗೆಯ ನಿಯಮ, ಪೆಟ್ರೋಲಿನ ಖರ್ಚು, ಎಲ್ಲವೂ ರೋಟರಿಯ ವಿರುದ್ಧವಾಗಿದ್ದವು. ಊರಿನವರು ಆಸೆ ಬಿಟ್ಟಿದ್ದರೋ ಇಲ್ಲವೋ, 2023ರ ಜೂನ್‌ನಲ್ಲಿ ಕಾರ್ಖಾನೆಯ ಉಜಿನಾ ಭಾಗದಲ್ಲಿ ತ್ರಿಕೋನಗಳು ಮತ್ತೆ ಸಾಲುಗಟ್ಟಿದವು. ಈ ಸಲ 830 ಸಿ.ಸಿ.ಯ ಒಂದೇ ತ್ರಿಕೋನ. ಚಕ್ರ ತಿರುಗಿಸುವ ಕೆಲಸ ಅದಕ್ಕಿಲ್ಲ, ಬ್ಯಾಟರಿ ಕಾರಿನಲ್ಲಿ ಕುಳಿತು ವಿದ್ಯುತ್ ಹುಟ್ಟಿಸುವುದಷ್ಟೇ. 2024ರ ಫೆಬ್ರವರಿಯಲ್ಲಿ ರೋಟರಿಗೆಂದೇ ಎಂಜಿನಿಯರುಗಳ ತಂಡವನ್ನೂ ಮತ್ತೆ ಕಟ್ಟಿದರು, 47 ಅಲ್ಲ, 36 ಜನ. ಆರ್‌ಎಕ್ಸ್–8ರಲ್ಲಿ ತುದಿಯ ಸೀಲಿನ ದಪ್ಪ 2 ಮಿಲಿಮೀಟರ್ ಇತ್ತು. ಹೊಸ ಎಂಜಿನ್ನಿನಲ್ಲಿ ಅದನ್ನು 2.5 ಮಿಲಿಮೀಟರ್ ಮಾಡಿದ್ದಾರೆ.