ನೌಕೆಗೊಂದು ಪೀಠ

ಟೇಬಲ್ ಮೇಲೆ ಆಡೋ ಅಂತರಿಕ್ಷ ಯುದ್ಧದಲ್ಲಿ ಎಲ್ಲರ ಕಣ್ಣೂ ನೌಕೆಯ ಮೇಲೆ. ಅದನ್ನ ಎತ್ತಿ ಹಿಡಿದ ಸ್ಟ್ಯಾಂಡ್ ಕಡೆ ಯಾರೂ ನೋಡಲ್ಲ. ಆದರೆ ‘ಬ್ಯಾಟಲ್‌ಫ್ಲೀಟ್ ಗಾಥಿಕ್’ ಆಡಿದವರಿಗೆ ಗೊತ್ತು: ಅಲ್ಲಿ ದೂರ ಅಳೆಯೋದು ನೌಕೆಯ ಮೂತಿಯಿಂದಲ್ಲ, ಸ್ಟ್ಯಾಂಡಿನ ಕಡ್ಡಿಯಿಂದ. ಆಟದ ಲೆಕ್ಕದಲ್ಲಿ ನೌಕೆ ಬರೀ ಅಲಂಕಾರ.

ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1999ರಲ್ಲಿ ತಂದ ಆಟ ಇದು. 2013ರಲ್ಲಿ ಮಾರಾಟ ನಿಲ್ಲಿಸಿತು. ಆಮೇಲೆ ಕಡ್ಡಿ ಮುರಿದರೆ ನಾವೇ ಏನಾದರೂ ಮಾಡ್ಕೋಬೇಕು. ಅದರಲ್ಲೂ ಎಲ್ದಾರ್ ನೌಕೆಗಳು ಲೋಹದವು, ಎತ್ತರದ ಹಾಯಿಪಟ ಬೇರೆ. ಫ್ಯಾನ್ ಗಾಳಿ ಸಾಕು, ಪಕ್ಕಕ್ಕೆ ವಾಲುತ್ತವೆ.

ಅಂಥ ಹನ್ನೆರಡು ನೌಕೆಗಳನ್ನ ಗೆಳೆಯ ಕೆನಡಾಕ್ಕೆ ಹೊರಡುವಾಗ ನನ್ನ ಕೈಗಿಟ್ಟ. “ಶೋಕೇಸಲ್ಲಿಟ್ಬಿಡು ಮಗಾ, ಇನ್ಯಾರು ಆಡ್ತಾರೆ” ಅಂದ. ಏಳು ವರ್ಷದ ಭಾನುವಾರಗಳು ಆ ಒಂದು ಮಾತಲ್ಲಿ ಮುಗಿದುಹೋದ ಹಾಗಾಯ್ತು.

ಸರಿ, ಶೋಕೇಸಿಗೇ ಇಡೋಣ. ಆದರೆ ಪೀಠ ಭಾರವಾಗಿರಬೇಕು, ನೋಡೋಕೂ ಚೆನ್ನಾಗಿರಬೇಕು. ಸೈನ್‌ಬೋರ್ಡ್ ಮಾಡೋ ಅಂಗಡಿಯಲ್ಲಿ 5 ಮಿ.ಮೀ. ಅಕ್ರಿಲಿಕ್ ಕಡ್ಡಿಯ ತುಂಡುಗಳು ಸಿಕ್ಕವು. ಮರಕ್ಕೆ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಆಲೆ ಮರವನ್ನ ಲೇತ್‌ನಲ್ಲಿ ತಿರುಗಿಸ್ತಾ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತೆ.

“ದಸರಾ ಗೊಂಬೆಗೆ ಪೀಠನಾ ಸಾರ್?” ಅಂದ್ರು ಯಜಮಾನರು.

“ಗೊಂಬೆನೇ ಅಣ್ಣ, ಹಡಗಿನ ಗೊಂಬೆ.”

ನೌಕೆಯನ್ನ ಅಂಗೈಯಲ್ಲಿಟ್ಟು ತೂಗಿ ನೋಡಿದ್ರು. “ಮೇಲ್ಗಡೆನೇ ಭಾರ ಐತಲ್ಲ. ಅಡಿ ಅಗಲ ಇರ್ಲಿ ಬಿಡಿ.” ನಾನು 40 ಮಿ.ಮೀ. ಕೇಳಿದ್ದೆ, ಅವರು 60 ಮಾಡಿದ್ರು. ಕರಿ ಅರಗು, ನಡುವೆ ಕಡ್ಡಿಗೆ ತೂತು, ತಳದಲ್ಲಿ ಕಬ್ಬಿಣದ ವಾಷರ್ ಕೂರೋಕೆ ಗುಳಿ. ಇವತ್ತಿನವರೆಗೆ ಒಂದೂ ವಾಲಿಲ್ಲ.

ನೀವೂ ಮಾಡೋದಾದ್ರೆ ಎರಡು ಮಾತು. ಪಾರದರ್ಶಕ ಅಕ್ರಿಲಿಕ್‌ಗೆ ಫೆವಿಕ್ವಿಕ್ ಬೇಡ, ಅದರ ಆವಿಗೆ ಬೆಳ್ಳಗೆ ಮಂಜು ಕಟ್ಟುತ್ತೆ. ಎರಡು ಟ್ಯೂಬ್ ಬೆರೆಸೋ ಎಪಾಕ್ಸಿ ಹಾಕಿ. ಇನ್ನೊಂದು, ನೌಕೆಯನ್ನ ಕಡ್ಡಿಗೆ ಅಂಟಿಸಬೇಡಿ. ಈ ಬಿಳಿಲೋಹ ಅಯಸ್ಕಾಂತಕ್ಕೆ ಅಂಟಲ್ಲ. ಹಾಗಾಗಿ ನೌಕೆಯ ಹೊಟ್ಟೆಗೊಂದು, ಕಡ್ಡಿಯ ತುದಿಗೊಂದು ನಿಯೋಡೈಮಿಯಮ್ ಮ್ಯಾಗ್ನೆಟ್ ಕೂರಿಸಬೇಕು. ಯಾವ ಮುಖ ಯಾವುದನ್ನ ಸೆಳೆಯುತ್ತೆ ಅಂತ ಮೊದಲೇ ನೋಡಿ ಮಾರ್ಕರ್‌ನಲ್ಲಿ ಗುರುತು ಹಾಕ್ಕೊಳ್ಳಿ.

ಶೋಕೇಸಿಗೆ ಇಷ್ಟೆಲ್ಲ ಯಾಕೆ ಅಂತ ಹೆಂಡತಿ ಕೇಳಿದ್ಲು. ಅಂಟಿಸಿಬಿಟ್ರೆ ಅದು ಸ್ಮಾರಕ ಆಗುತ್ತೆ. ಮ್ಯಾಗ್ನೆಟ್ ಇದ್ರೆ ಟಕ್ ಅಂತ ಬಿಚ್ಚಿ ಆಟದ ಸ್ಟ್ಯಾಂಡಿಗೆ ಹಾಕಬಹುದು. ಆಡ್ತೀವೋ ಇಲ್ವೋ, ಅದನ್ನ ಗೋಂದು ತೀರ್ಮಾನಿಸಬಾರದು.

ಒಂಬತ್ತು ಮುಗಿದಿವೆ. ಫೋಟೋ ಕಳಿಸಿದ್ದಕ್ಕೆ ಅವನ ಉತ್ತರ ಒಂದೇ ಸಾಲು: “ದಾಳ ಎಲ್ಲಿಟ್ಟಿದೀಯ?” ಡಿಸೆಂಬರಿಗೆ ಬರ್ತಾನಂತೆ. ಅಷ್ಟರಲ್ಲಿ ಇನ್ನು ಮೂರು ಆಗಬೇಕು, ಊಟದ ಟೇಬಲ್ಲೂ ಖಾಲಿ ಆಗಬೇಕು.