ಒಂದೇ ಒಂದು ಮಾತು

ಹೋದ ತಿಂಗಳು ಊರಿಗೆ ಹೋಗುವಾಗ ಬಸ್ಸಿನಲ್ಲಿ ಅಮ್ಮ ಪಕ್ಕದ ಸೀಟಿನ ಹೆಂಗಸಿಗೆ ಹೇಳುತ್ತಿದ್ದಳು: ‘ಮೂರು ತಿಂಗಳಾಯ್ತು, ರಾತ್ರಿ ಹೊತ್ತು ಎದೆ ನೋಯುತ್ತೆ.’ ಹಿಂದಿನ ಸೀಟಿನಲ್ಲಿದ್ದ ನನಗೆ ಅದು ಹೊಸ ಸುದ್ದಿ. ಕೇಳಿಸಿಕೊಂಡೂ ಏನೂ ವಿಚಾರಿಸಲಿಲ್ಲ. ನಮ್ಮದು ಮಾತು ಕಡಿಮೆಯಿರುವ ಮನೆ. ಜಗಳವಿಲ್ಲ, ಆದ್ದರಿಂದ ಎಲ್ಲ ಸರಿಯಾಗಿದೆ ಎಂದೇ ನಂಬಿದ್ದೆ.

ಆ ಬಸ್ಸು ಮತ್ತೆ ನೆನಪಾದದ್ದು ‘ಷೆರ್ಬೆನ್’ ನೋಡುವಾಗ. 1921ರ ಜರ್ಮನ್ ಮೂಕಿಚಿತ್ರ. ಹೆಸರಿನ ಅರ್ಥ ಒಡೆದ ಚೂರುಗಳು. ನಿರ್ದೇಶಕರು ಲುಪು ಪಿಕ್, ಚಿತ್ರಕಥೆ ಕಾರ್ಲ್ ಮಾಯರ್ ಅವರದು. ಹಿಂದಿನ ವರ್ಷ ತೆರೆಕಂಡ, ಸೊಟ್ಟ ಗೋಡೆಗಳ ‘ಕ್ಯಾಲಿಗರಿ’ಯನ್ನು ಬರೆದ ಇಬ್ಬರಲ್ಲಿ ಮಾಯರ್ ಒಬ್ಬರು. ಅಲ್ಲಿ ಕ್ಯಾಲಿಗರಿಯಾಗಿದ್ದ ವೆರ್ನರ್ ಕ್ರೌಸ್ ಇಲ್ಲಿ ರೈಲು ಹಳಿ ಕಾಯುವ ಅಪ್ಪ. ಒಂದು ಮನೆ, ನಾಲ್ಕಾರು ಜನ, ಕೆಲವೇ ದಿನ. ಇಂಥ ಚಿತ್ರಗಳನ್ನು ‘ಕಾಮರ್‌ಷ್ಪೀಲ್’, ಅಂದರೆ ಕೋಣೆಯ ನಾಟಕ, ಎನ್ನುತ್ತಾರೆ. 1906ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ತೆರೆದ ಪುಟ್ಟ ರಂಗಮಂದಿರದ ಹೆಸರಿನಿಂದ ಬಂದ ಮಾತು ಅದು.

ಅಪ್ಪ, ಅಮ್ಮ, ಮಗಳು. ಯಾರಿಗೂ ಹೆಸರಿಲ್ಲ. ತಪಾಸಣೆಗೆ ಬಂದ ರೈಲ್ವೆ ಇನ್‌ಸ್ಪೆಕ್ಟರ್ ಅವರ ಮನೆಯಲ್ಲೇ ಉಳಿದು ಮಗಳನ್ನು ಮರುಳು ಮಾಡುತ್ತಾನೆ. ಅದನ್ನು ಕಂಡ ಅಮ್ಮ ಗಂಡನಿಗೆ ಹೇಳುವುದಿಲ್ಲ. ಹಿಮದ ರಾತ್ರಿಯಲ್ಲಿ ಹೊರಟು, ದಾರಿಬದಿಯ ಶಿಲುಬೆಯೆದುರು ಪ್ರಾರ್ಥಿಸುತ್ತಲೇ ಮರಗಟ್ಟಿ ಸಾಯುತ್ತಾಳೆ. ಮುಂದೆ ಮಗಳಿಂದಲೇ ವಿಷಯ ತಿಳಿದ ಅಪ್ಪ ಇನ್‌ಸ್ಪೆಕ್ಟರನನ್ನು ಕೊಂದು, ಲಾಟೀನು ಬೀಸಿ ರೈಲು ನಿಲ್ಲಿಸುತ್ತಾನೆ. ತಾನು ಕೊಲೆಗಾರ ಎನ್ನುತ್ತಾನೆ. ಇಡೀ ಚಿತ್ರದಲ್ಲಿ ಪಾತ್ರದ ಮಾತಾಗಿ ತೆರೆಯ ಮೇಲೆ ಮೂಡುವುದು ಅದೊಂದೇ ವಾಕ್ಯ.

ಮೂಕಿಚಿತ್ರದಲ್ಲಿ ಮಾತಿನ ಫಲಕಗಳನ್ನು ಎಷ್ಟು ಬೇಕಾದರೂ ಹಾಕಬಹುದಿತ್ತು. ಮಾಯರ್ ಹಾಕಲಿಲ್ಲ. ಹಾಗಾಗಿ ಇಲ್ಲಿನ ಮೌನ ಸಿನಿಮಾದ ಕೊರತೆ ಅನ್ನಿಸುವುದಿಲ್ಲ, ಆ ಮನೆಯ ರೂಢಿ ಅನ್ನಿಸುತ್ತದೆ. ಅಮ್ಮ ಶಿಲುಬೆಗೆ ಹೇಳಿಕೊಂಡಳು, ಅಪ್ಪ ರೈಲಿನವರಿಗೆ ಹೇಳಿದ. ಒಂದೇ ಸೂರಿನಡಿ ಇದ್ದವರು ಒಬ್ಬರಿಗೊಬ್ಬರು ಹೇಳಬೇಕಾದದ್ದೆಲ್ಲ ಹೊರಗೆ, ತಡವಾಗಿ ಬಂತು.

ಚಿತ್ರ ಮುಗಿದಾಗ ರಾತ್ರಿ ಹನ್ನೊಂದು. ಅಮ್ಮನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತು, ‘ಎದೆನೋವು ಹೇಗಿದೆ ಅಮ್ಮ?’ ಎಂದೆ.

‘ಯಾರು ಹೇಳಿದ್ದು ನಿಂಗೆ?’

ಬಸ್ಸಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಾಲು ಮಡಚಿ, ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟಳು.